ಬಿರುಕಿನ ಮೇಲಿನ ಗಾಜು

ಗುಡ್ಡದ ಮೇಲಿನ ಓಣಿಗೆ ಅವಳು ಕಾಲಿಟ್ಟಳೆಂದರೆ ಸಾಕು, ಮಕ್ಕಳು "ಬಿರುಕಮ್ಮ ಬಂದ್ಲು, ಬಿರುಕಮ್ಮ ಬಂದ್ಲು" ಎಂದು ಮನೆಮನೆಗೂ ಡಂಗುರ ಸಾರಿಬಿಡುತ್ತಿದ್ದವು. ಆ ಹೆಸರಿಟ್ಟವರು ಬೇರೆ ಯಾರೂ ಅಲ್ಲ, ಅವಳ ಅಕ್ಕನ ಅತ್ತೆ. "ನೆಂಟರು ಬಂದ್ರೆ ಮನೆಯವರ ಮುಖ ನೋಡ್ತಾರೆ. ನಮ್ಮ ಸೊಸೆ ತಂಗಿ ಬಂದ್ರೆ ಗೋಡೆ ಮುಖ ನೋಡ್ತಾಳೆ. ಇವಳಿಗೆ ಗಂಡು ಹುಡುಕೋದಾದ್ರೆ ಎಲ್ಲಾದ್ರೂ ಬಿರುಕು ಬಿಟ್ಟಿರೋನನ್ನೇ ಹುಡುಕ್ಬೇಕು" ಎಂದು ಅತ್ತೆಮ್ಮ ಬಾಗಿಲಲ್ಲೇ ಕೂತು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ಅವಳಿಗೆ ಬೇಸರವೇನೂ ಇರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಆ ಹೆಸರು ಇಷ್ಟವಾಗಿತ್ತು.

ಅವಳ ಕೆಲಸ ನಗರಪಾಲಿಕೆಯ ಗುಡ್ಡ ಸುರಕ್ಷತಾ ವಿಭಾಗದಲ್ಲಿ. ಮಳೆ ಈಗ ಮೊದಲಿನ ಮಳೆಯಾಗಿ ಉಳಿದಿರಲಿಲ್ಲ. ತಿಂಗಳಿಡೀ ಹನಿಹನಿಯಾಗಿ ಬೀಳಬೇಕಾದದ್ದು ಒಂದೇ ಮಧ್ಯಾಹ್ನ ಕೊಡ ಕವುಚಿದ ಹಾಗೆ ಸುರಿದುಬಿಡುತ್ತಿತ್ತು. ಊರ ಸುತ್ತಲ ಗುಡ್ಡಗಳು ಆ ನೀರನ್ನೆಲ್ಲ ಕುಡಿದು ಹೊಟ್ಟೆ ಉಬ್ಬರಿಸಿಕೊಂಡು ಒಂದೊಂದಾಗಿ ಜಾರತೊಡಗಿದ್ದವು. ಅದಕ್ಕೆಂದೇ ಪಾಲಿಕೆ ಒಂದು ಯೋಜನೆ ಹಾಕಿತ್ತು. ಸರಿಯುತ್ತಿರುವ ಇಳಿಜಾರಿನ ಓಣಿಗಳಿಗೆ ನಕ್ಷೆಯಲ್ಲಿ ಕೆಂಪು ಬಣ್ಣ, ಗಟ್ಟಿಯಾಗಿ ನಿಂತವಕ್ಕೆ ಹಸಿರು. ಕೆಂಪಿನವರನ್ನು ಮಳೆಗೆ ಮುಂಚೆಯೇ ಊರಾಚೆಯ ಬಯಲಿನ ಶೆಡ್ಡುಗಳಿಗೆ ಸಾಗಿಸಬೇಕು, ಆ ಓಣಿಗಳಲ್ಲಿ ಸೈರನ್ ಕಂಬ ನೆಡಬೇಕು, ಕಾವಲಿಡಬೇಕು. ಹಸಿರಿನವರು ನೆಮ್ಮದಿಯಾಗಿ ಮಲಗಬಹುದು.

ಗುಡ್ಡ ಸರಿಯುತ್ತಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಅದಕ್ಕಿದ್ದ ಯಂತ್ರಗಳು ದುಬಾರಿ. ಬಂದ ನಾಲ್ಕಾರನ್ನು ಕೆರೆಕಟ್ಟೆಗೆ ನೆಟ್ಟು ಕೈತೊಳೆದುಕೊಂಡಿದ್ದರು. ಓಣಿಗಳ ಪಾಲಿಗೆ ಬಂದದ್ದು ಗಾಜು. ಗೋಡೆಯ ಬಿರುಕಿಗೆ ಅಡ್ಡಲಾಗಿ ಬೆರಳಗಲದ ತೆಳ್ಳನೆಯ ಗಾಜಿನ ಪಟ್ಟಿಯೊಂದನ್ನಿಟ್ಟು, ಎರಡೂ ತುದಿಗೆ ಗಾರೆ ಮೆತ್ತಿ, ಮೇಲೆ ಬಣ್ಣದಲ್ಲಿ ತಾರೀಕು ಬರೆಯಬೇಕು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಟಕ್ಕೆಂದು ಮುರಿಯುತ್ತದೆ. ಮನುಷ್ಯರು ಸುಳ್ಳು ಹೇಳಬಹುದು, ಗಾಜಿಗೆ ಆ ವಿದ್ಯೆ ಗೊತ್ತಿಲ್ಲ ಎಂದು ಅವಳು ನಂಬಿದ್ದಳು.

ಚಿಕ್ಕಂದಿನಲ್ಲಿ ಅಜ್ಜಿ ಹೇಳುತ್ತಿದ್ದ ಒಂದು ಕತೆ ಅವಳ ತಲೆಯಿಂದ ಇಳಿದೇ ಇರಲಿಲ್ಲ. ಒಬ್ಬ ರಾಕ್ಷಸ ಅಂಗಾತ ಮಲಗಿ ನಿದ್ದೆ ಹೋಗಿದ್ದನಂತೆ. ಅವನ ಮೈಮೇಲೆ ಮಣ್ಣು ಕೂತು, ಹುಲ್ಲು ಬೆಳೆದು, ಜನ ಬಂದು ಊರು ಕಟ್ಟಿದರಂತೆ. ಅವನು ಮಗ್ಗುಲು ಬದಲಿಸುವ ಹೊತ್ತು ತಿಳಿಯಲೆಂದು ಊರವರು ಒಬ್ಬ ಹುಡುಗಿಯನ್ನು ನೇಮಿಸಿದ್ದರಂತೆ. ಅವಳು ದಿನಾ ನೆಲಕ್ಕೆ ಕಿವಿಯಿಟ್ಟು ಅವನ ಉಸಿರು ಕೇಳುತ್ತಿದ್ದಳಂತೆ. ಕೈಯಲ್ಲಿ ಗಾಜಿನ ಪಟ್ಟಿಗಳ ಪೆಟ್ಟಿಗೆ ಹಿಡಿದು ಮೆಟ್ಟಿಲು ಹತ್ತುವಾಗ ಅವಳಿಗೆ ತಾನೇ ಆ ಹುಡುಗಿ ಅನ್ನಿಸುತ್ತಿತ್ತು. ನಗಬೇಡಿ, ಸಂಬಳ ಕಡಿಮೆಯಿರುವ ಕೆಲಸಕ್ಕೆ ಇಂಥದ್ದೊಂದು ಒಳಗಿನ ಕಾರಣ ಬೇಕಾಗುತ್ತದೆ.

ಪಟ್ಟಿ ಕತ್ತರಿಸಿ ಕೊಡುತ್ತಿದ್ದವನು ಅವಳ ಭಾವ. ಓಣಿಯ ಬಾಯಲ್ಲೇ ಅವನ ಗಾಜಿನಂಗಡಿ. ಕಿಟಕಿಗೆ ಗಾಜು ಕೂರಿಸುವುದು, ಫೋಟೊಗೆ ಕಟ್ಟು ಹಾಕುವುದು, ಕನ್ನಡಿ ಕೊಯ್ಯುವುದು. ಮಾತಿನಲ್ಲಿ ತಾಯಿಯನ್ನೇ ಹೋಲುತ್ತಿದ್ದ. "ಏನಪ್ಪಾ ನಮ್ಮ ನಾದಿನಿ ಸಾಹೇಬ್ರು, ಗಾಜು ನಾನು ಕೊಡೋದು, ನೀವು ಅದನ್ನ ತಂದು ನಮ್ಮನೆ ಗೋಡೆಗೇ ಅಂಟ್ಸೋದು. ಮಾವನ ಮನೆಯಿಂದ ಇನ್ನೇನೂ ಬರಲಿಲ್ಲ ಬಿಡು, ಇದಾದ್ರೂ ವಾಪಸ್ ಬಂತು" ಎನ್ನುತ್ತಿದ್ದ.

ಅಕ್ಕನ ಓಣಿಯ ಗಾಜು ಕಳೆದ ಮಳೆಗಾಲದಿಂದ ಒಂದೂ ಮುರಿದಿರಲಿಲ್ಲ. ಕೆಳಗಿನ ಓಣಿ ಹಿಂದೆಯೇ ಖಾಲಿಯಾಗಿತ್ತು, ಪಕ್ಕದ ಇಳಿಜಾರಿನಲ್ಲಿ ಪಟಪಟನೆ ಗಾಜು ಮುರಿಯುತ್ತಿತ್ತು, ಇಲ್ಲಿ ಮಾತ್ರ ಒಂದಕ್ಕೂ ಗೀರಿಲ್ಲ. ತಿಂಗಳು ತಿಂಗಳೂ ವರದಿಯಲ್ಲಿ "ಚಲನೆ ಇಲ್ಲ" ಎಂದು ಬರೆಯುವಾಗ ಅವಳಿಗೆ ಹೊಟ್ಟೆ ತಂಪಾಗುತ್ತಿತ್ತು. ಅಕ್ಕ ಗಟ್ಟಿ ನೆಲದ ಮೇಲಿದ್ದಾಳೆ. ಇನ್ನೇನು ಬೇಕು?

ಮಳೆ ಶುರುವಾಗುವ ಮುಂಚಿನ ಒಂದು ಬೆಳಿಗ್ಗೆ ಅಕ್ಕನ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ ನಿಂತಿದ್ದಳು. ಒಲೆಯ ಹಿಂದಿನ ಗೋಡೆ ಹೊಗೆಗೆ ಕಪ್ಪಾಗಿತ್ತು. ಡಬ್ಬಿಗಳ ಮೇಲೆ ಜಿಡ್ಡು, ಮೂಲೆಯಲ್ಲಿ ಜೇಡರ ಬಲೆ. ಅಕ್ಕ ಮನೆಗೆಲಸದಲ್ಲಿ ಅಷ್ಟಕ್ಕಷ್ಟೇ. ಆ ವಿಷಯಕ್ಕೇ ಅತ್ತೆಮ್ಮನ ಬಾಯಿಗೆ ದಿನಾ ಕೆಲಸ. ಆದರೆ ಆ ಮಸಿಯ ನಡುವೆ ಗಾಜಿನ ಪಟ್ಟಿಯೊಂದೇ ತೊಳೆದಿಟ್ಟ ಲೋಟದ ಹಾಗೆ ಫಳಫಳ ಹೊಳೆಯುತ್ತಿತ್ತು.

ಅವಳು ಗೋಡೆಯ ಮೇಲೆ ಬೆರಳಾಡಿಸಿದಳು. ಬೆರಳು ಕಪ್ಪಾಯಿತು. ಗಾಜಿನ ಮೇಲೆ ಆಡಿಸಿದಳು. ಏನೂ ಅಂಟಲಿಲ್ಲ. ಮೇಲಿದ್ದ ತಾರೀಕು ಹೋದ ವರ್ಷದ್ದು, ಅಕ್ಷರ ಅವಳದ್ದೇ. ಅವಳದ್ದೇ ಹೌದು, ಆದರೆ ಅವಳು ಬರೆದದ್ದಲ್ಲ. ಇಬ್ಬರಿಗೂ ಅಕ್ಷರ ತಿದ್ದಿಸಿದವರು ಅದೇ ಅಜ್ಜಿ, ಕೈಹಿಡಿದು, ಒಂದೇ ಹಲಗೆಯ ಮೇಲೆ. ಅವಳ ಬರವಣಿಗೆಗೂ ಅಕ್ಕನ ಬರವಣಿಗೆಗೂ ಅವರಪ್ಪನಿಗೇ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

"ಅಕ್ಕಾ, ಇದನ್ನ ನಾನು ಬರೆದಿಲ್ಲ."

ಹಿಟ್ಟು ನಾದುತ್ತಿದ್ದ ಅಕ್ಕನ ಕೈ ನಿಂತಿತು. ತಲೆಯೆತ್ತಲಿಲ್ಲ. "ಚಹಾ ಆರೋಗುತ್ತೆ ಕುಡಿ."

"ಅಕ್ಕಾ."

"ನಿಮ್ಮ ಭಾವನ್ನ ಕೇಳು. ನನಗೇನೂ ಗೊತ್ತಿಲ್ಲ. ಬರೆದುಕೊಡು ಅಂದ್ರು, ಬರೆದುಕೊಟ್ಟೆ."

ಭಾವ ಅಂಗಡಿಯಿಂದ ಬಂದ. ನಗುತ್ತಲೇ ಬಂದವನು ಅವಳ ಮುಖ ನೋಡಿ ಬಾಗಿಲಲ್ಲೇ ನಿಂತ.

"ಎಷ್ಟು ಸಲ ಬದಲಾಯಿಸಿದ್ರಿ ಭಾವ?"

ಅವನು ತಲೆ ಕೆರೆದುಕೊಂಡ. "ನಮ್ಮನೇದಾ, ಓಣಿದಾ?"

ಚಹಾದ ಲೋಟವನ್ನು ಎಲ್ಲಿಟ್ಟಳೋ ಅವಳಿಗೇ ತಿಳಿಯಲಿಲ್ಲ.

"ನೋಡು, ಬೈಬೇಡ" ಎಂದ ಭಾವ. "ಕೆಳಗಿನ ಓಣಿಯವರನ್ನ ಒಂದೇ ಮಳೆಗಾಲ ಅಂತ ಶೆಡ್ಡಿಗೆ ಕರ್ಕೊಂಡು ಹೋದ್ರು. ಅವರು ಹೋಗಿ ವಾರ ಆಗಿಲ್ಲ, ಮನೆಗಳನ್ನೆಲ್ಲ ನೆಲಸಮ ಮಾಡಿದ್ರು. ಯಾರಾದ್ರೂ ವಾಪಸ್ ಬಂದ್ರಾ? ನೀನೇ ಹೇಳು. ಸೀರೆ ಅಡ್ಡ ಕಟ್ಕೊಂಡು ಕೂತಿದಾರೆ. ಪಕ್ಕದೋನು ಕೆಮ್ಮಿದ್ರೆ ಇವ್ನು ಏಳ್ತಾನೆ. ಬಸ್ಸಿಲ್ಲ, ಕೆಲಸ ಇಲ್ಲ. ನಮ್ಮ ಕೊನೇ ಮನೆ ಟೇಲರಮ್ಮ ಹೋಗಿ ನೋಡ್ಕೊಂಡು ಬಂದು ಎರಡು ದಿನ ಬಾಯೇ ಬಿಡ್ಲಿಲ್ಲ. ಆಯಮ್ಮ ಬಾಯಿ ಬಿಡ್ಲಿಲ್ಲ ಅಂದ್ರೆ ಲೆಕ್ಕ ಹಾಕು."

"ಗುಡ್ಡ ಬಂದ್ರೆ?"

"ನಮ್ಮಪ್ಪನ ಕಾಲದಿಂದ ಗಾಜು ಇಲ್ದೇನೂ ಈ ಗುಡ್ಡ ನಿಂತಿತ್ತಲ್ಲ. ನೀವು ಗಾಜು ಅಂಟಿಸಿದ ಮೇಲೇ ಅದಕ್ಕೆ ಓಡಾಡೋ ಆಸೆ ಬಂದಿರೋದು."

ಅತ್ತೆಮ್ಮ ಹೊರಗಿನಿಂದಲೇ ಕೂಗಿದರು. "ಮಗು ಮೇಲೆ ಕೂಗಾಡ್ಬೇಡ್ವೋ. ಪಾಪ, ಅದರ ಕೆಲಸ ಅದು ಮಾಡ್ತು, ನಿನ್ನ ಕೆಲಸ ನೀನು ಮಾಡ್ದೆ."

ಅವಳು ಅಲ್ಲಿಂದ ನೇರ ಆಫೀಸಿಗೆ ಹೋದಳು. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತವಳ ಕಣ್ಣಮುಂದೆ ಒಂದೇ ಚಿತ್ರ: ಕತೆಯ ಹುಡುಗಿ ನೆಲಕ್ಕೆ ಕಿವಿಯಿಟ್ಟಿದ್ದಾಳೆ, ಊರವರು ಅವಳಿಗೆ ಗೊತ್ತಾಗದಂತೆ ನೆಲಕ್ಕೂ ಕಿವಿಗೂ ನಡುವೆ ಮೆತ್ತನೆಯ ದಿಂಬನ್ನಿಟ್ಟಿದ್ದಾರೆ.

ಯೋಜನೆಯ ಸಾಹೇಬರು ಕೆಟ್ಟವರಲ್ಲ. ಪೂರ್ತಿ ಕೇಳಿದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಹಿಂದಿನ ಗೋಡೆಯ ಮೇಲೆ ನಕ್ಷೆ. ಅಕ್ಕನ ಓಣಿ ಎಳೆ ಗರಿಕೆಯ ಹಾಗೆ ಹಚ್ಚಹಸಿರಾಗಿತ್ತು.

"ನೀನು ಹೇಳೋದು ನಿಜಾನೇ ಇರಬಹುದಮ್ಮ. ಮುರಿದ ಗಾಜು ಎಲ್ಲಿದೆ, ತೋರಿಸು."

"ಎಸೆದಿದ್ದಾರೆ ಸರ್. ಗುಜರಿಗೆ."

"ಹಾಗಾದ್ರೆ ನನ್ನ ಕೈಯಲ್ಲಿರೋದು ನಿನ್ನ ವರದಿ. ಒಂದು ವರ್ಷದಿಂದ ಗುಡ್ಡ ಗಟ್ಟಿ ಅಂತ ಬರೆದವಳು ನೀನೇ. ಅದರ ಮೇಲೆ ನಕ್ಷೆಗೆ ಒಪ್ಪಿಗೆ ಸಿಕ್ಕಿದೆ, ಶೆಡ್ಡಿನ ಜಾಗ ಹಂಚಿಯಾಗಿದೆ. ಪಕ್ಕದ ಇಳಿಜಾರಿನಲ್ಲಿ ಗೋಡೆ ಬಾಯಿ ಬಿಟ್ಟಿದೆ, ಮಕ್ಕಳು ಕೈ ತೂರಿಸ್ತಿದಾವೆ. ಅವರಲ್ಲಿ ಯಾರನ್ನ ಹೊರಗೆ ಹಾಕಿ ನಿಮ್ಮಕ್ಕನ ಓಣಿಯವರನ್ನ ಒಳಗೆ ಕೂರಿಸ್ಲಿ? ನೀನೇ ಆರಿಸಿ ಹೇಳು."

ಅವಳು ನಕ್ಷೆಯಲ್ಲಿ ಪಕ್ಕದ ಇಳಿಜಾರಿನ ಕೆಂಪನ್ನು ನೋಡಿದಳು.

"ಹೊಸ ಗಾಜು ಅಂಟಿಸು. ಮುರಿದ್ರೆ ಬಾ. ಓಣಿ ಪೂರ್ತಿ ಮುರಿದ್ರೆ ನಾನೇ ಮೇಲಿನವರ ಕಾಲು ಹಿಡಿದು ಶಾಲೆ, ಗೋಡೌನು ಎಲ್ಲಾದ್ರೂ ಬಿಡಿಸ್ತೀನಿ. ಸುತ್ತಿಗೆ ತಗೊಂಡು ನೀನೇ ಒಡೆಯೋ ಯೋಚನೆ ಮಾತ್ರ ಬೇಡ. ಏಟಿಗೆ ಒಡೆದಿದ್ದು ಬೇರೆ, ಸರಿದು ಒಡೆದಿದ್ದು ಬೇರೆ, ನೋಡಿದ್ರೆ ಗೊತ್ತಾಗುತ್ತೆ." ಅವಳ ಮನಸ್ಸಿನಲ್ಲಿ ಸುತ್ತಿಗೆ ಆಗಲೇ ಬಂದು ಕೂತಿದ್ದದ್ದು ಅವರಿಗೆ ಹೇಗೆ ಕಂಡಿತೋ.

ಮಾರನೆಯ ದಿನ ಓಣಿಯವರೆಲ್ಲ ಭಾವನ ಅಂಗಡಿಯೆದುರು ಸೇರಿದರು. ಸುತ್ತ ಒರಗಿಸಿಟ್ಟ ಕನ್ನಡಿಗಳಲ್ಲಿ ಅವರ ಮುಖಗಳೆಲ್ಲ ತುಂಡುತುಂಡಾಗಿ ಕಾಣುತ್ತಿದ್ದವು. ಅವಳು ಕೈಮುಗಿದಳು. ಇದೊಂದು ಸಲ ಗಾಜು ಮುಟ್ಟಬೇಡಿ ಎಂದಳು. ಎಲ್ಲರ ಮನೆಯದ್ದೂ ಮುರಿದರೆ ಎಲ್ಲರೂ ಒಟ್ಟಿಗೆ ಹೋಗಬಹುದು, ಒಂದೇ ಕಡೆ ಇರಬಹುದು ಎಂದಳು.

"ಒಟ್ಟಿಗೆ ಸೀರೆ ಅಡ್ಡ ಕಟ್ಕೊಂಡು" ಎಂದಳು ಟೇಲರಮ್ಮ. ಓಣಿಗೆಲ್ಲ ರವಿಕೆ ಹೊಲಿಯುವವಳು, ಓಣಿಯ ಕೊನೆಯ ಮನೆ ಅವಳದ್ದು. "ನನ್ನ ಮಿಷನ್ನು? ಅದನ್ನೆಲ್ಲಿ ಇಟ್ಕೊಳ್ಲಿ, ತೊಡೆ ಮೇಲಾ?"

"ಪ್ರಾಣ ಮುಖ್ಯ ಅಲ್ವಾ ಟೇಲರಮ್ಮ."

"ಪ್ರಾಣ ಇಟ್ಕೊಂಡು ಏನ್ಮಾಡ್ಲಿ, ಅದಕ್ಕೆ ಗುಂಡಿ ಹೊಲಿಯಕ್ಕಾಗುತ್ತಾ?"

ಎಲ್ಲರೂ ನಕ್ಕರು. ನಗುವಿನ ನಡುವೆಯೇ ಹೂಂ ಎಂದರು, ಆಯ್ತಮ್ಮ ಎಂದರು, ನಿನ್ನ ಮಾತಿಗೆ ಎದುರಾಡ್ತೀವಾ ಎಂದರು. ಅಷ್ಟು ಬೇಗ ಒಪ್ಪಿದ್ದೇ ಅವಳಿಗೆ ಹಿಡಿಸಲಿಲ್ಲ. ಮನೆಮನೆಗೂ ಹೋಗಿ ಹೊಸ ಪಟ್ಟಿ ಅಂಟಿಸಿದಳು. ಭಾವನ ಕೈಹಿಡಿದು ಆಣೆ ಹಾಕಿಸಿಕೊಂಡಳು. ಅವನು ಈ ಸಲ ತಮಾಷೆ ಮಾಡಲಿಲ್ಲ.

ಮಳೆ ಬಂತು. ಬಂದ ಮೇಲೆ ನಿಲ್ಲುವುದನ್ನೇ ಮರೆಯಿತು.

ಒಂದು ಸಂಜೆ ಅಕ್ಕ ಛತ್ರಿಯಿಲ್ಲದೆ ತೊಯ್ದು ತೊಪ್ಪೆಯಾಗಿ ಆಫೀಸಿನ ಬಾಗಿಲಿಗೆ ಬಂದಳು. ಮೇಜಿನ ಹತ್ತಿರ ಬಂದು ಸೆರಗಿನ ಗಂಟು ಬಿಚ್ಚಿದಳು. ಎರಡು ಗಾಜಿನ ಚೂರು, ಒಂದರ ಮೇಲೆ ಅರ್ಧ ತಾರೀಕು, ಇನ್ನೊಂದರ ಮೇಲೆ ಇನ್ನರ್ಧ.

"ನೀನು ಕೈಮುಗಿದೆಯಲ್ಲ, ಅದಕ್ಕೆ ತಂದೆ. ಇಲ್ಲಾಂದ್ರೆ ತರ್ತಿರಲಿಲ್ಲ. ಅವರಿಗೂ ಹೇಳಿಲ್ಲ, ಅತ್ತೆಗೂ ಹೇಳಿಲ್ಲ." ಅಕ್ಕನ ಹಲ್ಲು ಕಟಕಟ ಅನ್ನುತ್ತಿತ್ತು. "ಗೋಡೆ ಒಳಗೆ ಏನೋ ನರಳಿದ ಹಾಗಾಗುತ್ತೆ ಕಣೆ. ಒಲೆ ಮುಂದೆ ನಿಂತ್ರೆ ಕೇಳುತ್ತೆ."

ಅವಳು ಸಾಹೇಬರನ್ನು ಕರೆದುಕೊಂಡೇ ಓಣಿಗೆ ಹೋದಳು. ಮಳೆಯಲ್ಲಿ ಮನೆಮನೆಯ ಗೋಡೆ ನೋಡಿದರು. ಎಲ್ಲೆಲ್ಲೂ ಗಾಜು ನೆಟ್ಟಗಿತ್ತು. ಹಸಿ ಗಾರೆಯ ವಾಸನೆ ಅವಳ ಮೂಗಿಗೆ ಬಡಿಯುತ್ತಿತ್ತು, ಆದರೆ ಮಳೆಗಾಲದಲ್ಲಿ ಯಾವ ಗೋಡೆ ಹಸಿಯಾಗಿರುವುದಿಲ್ಲ? "ಟೇಲರಮ್ಮ, ನಿಜ ಹೇಳಿ" ಎಂದು ಬೇಡಿದಳು. ಟೇಲರಮ್ಮ ಸೂಜಿಗೆ ದಾರ ಪೋಣಿಸುತ್ತ, "ನಿಜಾನೇ ಎದುರಿಗಿದೆಯಲ್ಲಮ್ಮ, ನಿನ್ನ ಗಾಜೇ ಹೇಳ್ತಿದೆ" ಎಂದಳು. ಗಾಜಿನ ಮೇಲಿನ ಅಕ್ಷರವೂ ನೋಡಲು ಬಿರುಕಮ್ಮನದ್ದೇ. ಆಣೆಗೆ ಮುಂಚೆ ಭಾವ ಕೊಯ್ದು ಕೊಟ್ಟಿದ್ದ ಪಟ್ಟಿಗಳ ಮೇಲೆ, ಬದಲಾಯಿಸುವ ದಿನಕ್ಕೆಂದು ಅಕ್ಕನಿಂದ ತಾರೀಕು ಮೊದಲೇ ಬರೆಸಿಟ್ಟುಕೊಂಡಿದ್ದರು. ಅಕ್ಕ ಇಲ್ಲವೆನ್ನಲಾರದೆ ಬರೆದುಕೊಟ್ಟಿದ್ದಳು.

"ಒಂದೇ ಮನೆ ಸರಿದಿದೆ ಅಂದ್ರೆ ಅದು ಗುಡ್ಡದ ದೋಷ ಅಲ್ಲ, ಮನೆ ದೋಷ" ಎಂದರು ಸಾಹೇಬರು ಮೆಟ್ಟಿಲಿಳಿಯುತ್ತ. "ನಿಮ್ಮಕ್ಕನ ಮನೆ ಖಾಲಿ ಮಾಡಿಸೋಕೆ ನನಗೆ ಅಧಿಕಾರ ಇದೆ. ಮಿಕ್ಕಿದ್ದಕ್ಕೆ ಇಲ್ಲ. ಅಕ್ಕನಾದ್ರೂ ಉಳೀಲಿ ಬಿಡು."

ಅಕ್ಕನಾದರೂ ಉಳಿಯಲಿ. ಆ ಮಾತಿನಿಂದ ತನಗೆ ಆದದ್ದು ಸಮಾಧಾನವೇ ಎಂಬುದು ಅವಳಿಗೆ ಗೊತ್ತಾಯಿತು. ಗೊತ್ತಾದ ಮೇಲೆ ತನ್ನ ಮುಖ ತನಗೇ ನೋಡಲಾಗದ ಹಾಗಾಯಿತು.

ಸಾಮಾನು ಸಾಗಿಸುವ ದಿನ ಓಣಿಯವರೆಲ್ಲ ಬಾಗಿಲಲ್ಲಿ ನಿಂತು ನೋಡಿದರು, ಒಬ್ಬರೂ ಒಂದು ಪಾತ್ರೆಗೆ ಕೈ ಹಚ್ಚಲಿಲ್ಲ. "ತಂಗಿ ಆಫೀಸಿನಲ್ಲಿದ್ರೆ ಮೊದಲ ಸೀಟು ಸಿಗುತ್ತಪ್ಪ" ಎಂದು ಯಾರೋ ಅಂದರು. "ಅಲ್ಲ, ಮನೆ ಮುರ್ಕರು. ಇವತ್ತು ಅವರದ್ದು, ನಾಳೆ ನಮ್ಮದು" ಎಂದರು ಇನ್ನೊಬ್ಬರು. ಅತ್ತೆಮ್ಮ ಲಾರಿಯ ಹಿಂಬದಿಯಲ್ಲಿ ಹಾಸಿಗೆ ಸುರುಳಿಯ ಮೇಲೆ ಕೂತಿದ್ದರು. ಬಾಯಿಗೆ ಬೀಗ ಬಿದ್ದಿತ್ತು. ಓಣಿಗೆ ಮದುವೆಯಾಗಿ ಬಂದ ದಿನದಿಂದ ಆ ಬಾಯಿ ಮುಚ್ಚಿದ್ದನ್ನು ಯಾರೂ ನೋಡಿರಲಿಲ್ಲ. ಮರುದಿನವೇ ಪಾಲಿಕೆಯ ಆಳುಗಳು ಬಂದು ಮನೆಯನ್ನು ಕೆಡವಿಹಾಕಿದರು.

ಭಾವ ಅಂಗಡಿ ಬಿಡಲಿಲ್ಲ. ದಿನಾ ಬೆಳಿಗ್ಗೆ ಶೆಡ್ಡಿನಿಂದ ನಡೆದುಬಂದು ಬಾಗಿಲು ತೆರೆಯುತ್ತಿದ್ದ. ಓಣಿಯವರು ಅವನ ಮುಖ ನೋಡುತ್ತಿರಲಿಲ್ಲ. ಹುಟ್ಟಿ ಬೆಳೆದ ಓಣಿಯಲ್ಲಿ ಚಹಾಕ್ಕೆ ಕರೆಯುವವರಿಲ್ಲದೆ ಅವನು ಕನ್ನಡಿಗಳ ನಡುವೆ ಒಬ್ಬನೇ ಕೂರುತ್ತಿದ್ದ. ಅವಳು ಹೋಗಿ ಬೇಡಿಕೊಂಡಳು. "ಭಾವ, ಅಂಗಡಿ ಮುಚ್ಚಿ. ನಮ್ಮನೆಗೆ ಬನ್ನಿ, ಏನಾದ್ರೂ ಮಾಡೋಣ."

"ಅವರು ನನ್ನ ಮಾತಾಡಿಸ್ತಿಲ್ಲ ಕಣಮ್ಮ" ಎಂದ. "ನಾನು ಬೇಕಂತ ಆಫೀಸಿಗೆ ಚಾಡಿ ಹೇಳ್ದೆ ಅನ್ಕೊಂಡಿದಾರೆ. ಮೈಮೇಲೆ ಹುಳ ಹರಿದ ಹಾಗಾಗುತ್ತೆ."

ಆಮೇಲೊಂದು ದಿನ ಟೇಲರಮ್ಮ ಅಂಗಡಿಗೆ ಬಂದಳು. ಆಕೆಯ ಮನೆಯ ಗಾಜು ಮತ್ತೆ ಮುರಿದಿತ್ತು, ಎತ್ತಿಟ್ಟುಕೊಂಡಿದ್ದ ಪಟ್ಟಿಗಳು ಮುಗಿದಿದ್ದವು. "ನಿನ್ನ ನಾದಿನಿ ಬರೋದ್ರೊಳಗೆ ಒಂದು ಪಟ್ಟಿ ಹಾಕ್ಕೊಡಪ್ಪ" ಎಂದಳಂತೆ. ಎಷ್ಟೋ ದಿನದ ಮೇಲೆ ಓಣಿಯವರೊಬ್ಬರು ಅವನನ್ನು "ಅಪ್ಪ" ಎಂದು ಕರೆದಿದ್ದರು. ಅವನು ಊಟದ ಡಬ್ಬಿಯನ್ನು ಹಾಗೇ ಬಿಟ್ಟು ಎದ್ದನಂತೆ. ಗಾಜು, ಗಾರೆ, ಕರಣೆ ಹಿಡಿದು ಆಕೆಯ ಹಿಂದೆ ಓಣಿ ಹತ್ತಿದನಂತೆ. ಇದನ್ನೆಲ್ಲ ಆಮೇಲೆ ಹೇಳಿದವನು ರಸ್ತೆಯಾಚೆಯ ಸೈಕಲ್ ಅಂಗಡಿಯವನು. ಭಾವ ಸಿಳ್ಳೆ ಹಾಕಿಕೊಂಡು ಹೋಗುತ್ತಿದ್ದನೆಂದೂ ಅವನೇ ಹೇಳಿದ.

ಹಸಿರು ಓಣಿಯಾದ್ದರಿಂದ ಅಲ್ಲಿ ಸೈರನ್ ಕಂಬ ನೆಟ್ಟಿರಲಿಲ್ಲ. ಅಂದೇ ಮಟಮಟ ಮಧ್ಯಾಹ್ನ, ಜನ ಉಂಡು ಕೈ ತೊಳೆಯುವ ಹೊತ್ತು. ಗುಡ್ಡ ಒಂದು ನಿಟ್ಟುಸಿರು ಬಿಟ್ಟ ಹಾಗಾಯಿತಂತೆ, ಅಷ್ಟೇ.

ಅವಳು ಓಡಿಬಂದಾಗ ಓಣಿಯೇ ಇರಲಿಲ್ಲ. ಮೆಟ್ಟಿಲು, ನಲ್ಲಿ, ಬಾಗಿಲುಗಳು, ಬಾಗಿಲಲ್ಲಿ ನಿಲ್ಲುತ್ತಿದ್ದವರು, ಒಂದೂ ಇಲ್ಲ. ಗುಡ್ಡದ ಮೇಲಿನಿಂದ ರಸ್ತೆಯವರೆಗೆ ಒಂದೇ ಕೆಂಪು ಕೆಸರು, ಅದರ ಮೇಲೆ ಇನ್ನೂ ಸುರಿಯುತ್ತಲೇ ಇದ್ದ ಮಳೆ. ರಕ್ಷಣೆಯವರು ಹಾರೆ ಗುದ್ದಲಿ ಹಿಡಿದು ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ ನಿಂತಿದ್ದರು. ಅಕ್ಕ ಶೆಡ್ಡಿನಿಂದ ಬಂದಿದ್ದಳು. ಯಾರದೋ ಪ್ಲಾಸ್ಟಿಕ್ ಹಾಳೆ ಹೊದ್ದು ರಸ್ತೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಅಳುತ್ತಿರಲಿಲ್ಲ.

"ಟೇಲರಮ್ಮನ ಮನೆ, ಹಿಂದಿನ ಗೋಡೆ" ಎಂದಳು ಅಕ್ಕ, ತಂಗಿಯ ಮುಖ ನೋಡದೆ. "ಗಾಜು ಹಾಕಕ್ಕೆ ಅಂದ್ರೆ ನಿಮ್ಮ ಭಾವ ಅಲ್ಲೇ ಇರ್ತಾರೆ. ಆ ಗೋಡೆ ನಿನಗೆ ಗೊತ್ತಲ್ಲ. ಹೋಗಿ ತೋರ್ಸು."

ರಕ್ಷಣೆಯವರ ಮುಖಂಡ ಅವಳ ಕಡೆ ತಿರುಗಿದ. "ಈ ಓಣಿ ಗೊತ್ತಿರೋರು ನೀವೇ ಅಂತೆ. ಬನ್ನಿ ಮೇಡಂ, ಬೇಗ. ಒಳಗೆ ಗಾಳಿ ಇರೋ ಜಾಗದಲ್ಲಿ ಸಿಕ್ಕಿಕೊಂಡಿದ್ರೆ ಇನ್ನೂ ಜೀವ ಇರಬಹುದು. ಎಲ್ಲಿ ಅಗೀಬೇಕು ಹೇಳಿ ಸಾಕು."

ಅವಳು ಕೆಸರಿಗಿಳಿದಳು. ಮೊಣಕಾಲವರೆಗೆ ಹೂತಿತು. ಈ ಓಣಿಯ ಒಂದೊಂದು ಗೋಡೆಯೂ ಅವಳಿಗೆ ಗೊತ್ತಿತ್ತು. ಯಾವ ಬಿರುಕು ಕಿಟಕಿಯ ಮೂಲೆಯಿಂದ ಹೊರಡುತ್ತದೆ, ಯಾವುದು ಸೂರಿನ ಹತ್ತಿರ ಕವಲೊಡೆಯುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲಳು. ಕಣ್ಣು ಮುಚ್ಚಿದಳು. ಗೋಡೆಗಳೆಲ್ಲ ಸಾಲಾಗಿ ಬಂದು ನಿಂತವು. ತೆರೆದಳು. ಎಡ ಎಲ್ಲಿ, ಬಲ ಎಲ್ಲಿ, ಓಣಿ ಎಲ್ಲಿ ತಿರುಗುತ್ತಿತ್ತು, ಒಂದಕ್ಕೂ ಗುರುತಿರಲಿಲ್ಲ.

"ಮೇಡಂ?"

ಗೊತ್ತಿಲ್ಲ ಎನ್ನಲು ಬಾಯಿ ತೆರೆದಳು. ರಸ್ತೆಯ ಅಂಚಿನಿಂದ ಅಕ್ಕ ನೋಡುತ್ತಿದ್ದಳು. ಇಷ್ಟು ಹೊತ್ತೂ ನೋಡದಿದ್ದವಳು ಈಗ ರೆಪ್ಪೆ ಮಿಟುಕಿಸದೆ ತಂಗಿಯ ಕೈಯನ್ನೇ ನೋಡುತ್ತಿದ್ದಳು.

ಅವಳು ಕೈಯೆತ್ತಿ ಒಂದು ಕಡೆ ತೋರಿಸಿದಳು. "ಇಲ್ಲಿ."

ಅವರು ಅಗೆದರು. ಅಗೆದಷ್ಟೂ ಕೆಸರು ಜಾರಿ ಬಂದು ತುಂಬಿಕೊಳ್ಳುತ್ತಿತ್ತು. ಯಾರದೋ ಬಾಗಿಲಿನ ಚೌಕಟ್ಟು ಸಿಕ್ಕಿತು, ಯಾರದೆಂದು ಅವಳಿಗೆ ಹೇಳಲಾಗಲಿಲ್ಲ. ಬೆಳಕು ಇಳಿಯತೊಡಗಿದಾಗ ಮುಖಂಡ ಹಣೆಯ ಕೆಸರೊರೆಸಿಕೊಂಡು ಮತ್ತೆ ಅವಳ ಕಡೆ ನೋಡಿದ. ಅವಳು ನಾಲ್ಕು ಹೆಜ್ಜೆ ಆಚೆ ಹೋಗಿ, ಮತ್ತೊಂದು ಕಡೆ ಕೈ ತೋರಿಸಿದಳು.